ಜಾವಾಸ್ಕ್ರಿಪ್ಟಲ್ಲಿ ಒಂದೇ ಸಲಕ್ಕೆ ಪೇಜಿನ ಎಷ್ಟೋ ಎಲಿಮೆಂಟ್ (ಸಾಲು, ಬಟನ್ ಥರದ ಭಾಗ) ಹಿಡಿಯೋಕೆ ಯಾವ ಮೆಥಡ್ ಸರಿ? ನಂದರಲ್ಲಿ ಅರ್ಧ ಸಾಲು ಹಾಗೇ ಉಳೀತಿದೆ

ಕಾಪಿ ಹೂ:
ಎಲ್ಲರಿಗೂ ನಮಸ್ಕಾರ. ನಮ್ಮ ತೋಟ ಮಾದಾಪುರದ ಹತ್ರ. ಅಪ್ಪ ದಿನಾ ಬೆಳಿಗ್ಗೆ ಮಳೆ ಅಳೆದು ಡೈರೀಲಿ ಇಂಚು ಸೆಂಟು (ಇಂಚಿನ ನೂರರಲ್ಲೊಂದು ಭಾಗ) ಬರೆದಿಡ್ತಾರೆ, ಅಜ್ಜನ ಕಾಲದಿಂದ್ಲೂ ನಡ್ಕೊಂಡು ಬಂದಿದ್ದು, ಹಳೇ ಡೈರಿಗಳಿಗೆ ಮಳೆಗಾಲದ ತೇವಕ್ಕೆ ಬೂಸ್ಟು ಹಿಡೀತಿದೆ ಅಂತ ನಾನು ಅದನ್ನೆಲ್ಲ ಒಂದು ವೆಬ್ ಪೇಜಿಗೆ ಹಾಕ್ತಾ ಇದೀನಿ. ದಿನಕ್ಕೊಂದು ಸಾಲು. ನಾನು ಹೊಸದಾಗಿ ಟೈಪ್ ಮಾಡಿದ ಸಾಲಿಗೆ 'ಹೊಸದು' ಅಂತ ಕ್ಲಾಸ್ (ಗುರುತಿನ ಹೆಸರು) ಕೊಟ್ಟಿದೀನಿ, ಹಳದಿ ಬಣ್ಣ ಬರುತ್ತೆ, ಅಪ್ಪ ಡೈರಿ ಜೊತೆ ಹೋಲಿಸಿ ನೋಡಿ 'ನೋಡಿಯಾಯ್ತು' ಬಟನ್ ಒತ್ತಿದ್ರೆ ಅಷ್ಟೂ ಸಾಲಿಂದ ಆ ಕ್ಲಾಸ್ ಹೋಗ್ಬೇಕು.

ಜುಲೈ ತಿಂಗಳ 31 ಸಾಲು ಹಾಕಿ ಬಟನ್ ಒತ್ತಿದ್ರೆ 15 ಸಾಲು ಹಳದಿಯಾಗೇ ಉಳೀತು. ಇನ್ನೊಂದ್ಸಲ ಒತ್ತಿದೆ, 7 ಉಳೀತು. ಆಮೇಲೆ 3, ಆಮೇಲೆ 1, ಐದನೇ ಸಲಕ್ಕೆ ಎಲ್ಲ ಹೋಯ್ತು. ಎರರ್ ಏನೂ ಬರಲ್ಲ. ಫೋನಲ್ಲಿ ಬರೀತಿರೋದ್ರಿಂದ ಕೋಡನ್ನೂ ಕನ್ನಡದಲ್ಲೇ ಹಾಕ್ತೀನಿ:

ಸಾಲುಗಳು = ಡಾಕ್ಯುಮೆಂಟ್.ಗೆಟ್‌ಎಲಿಮೆಂಟ್ಸ್‌ಬೈಕ್ಲಾಸ್‌ನೇಮ್('ಹೊಸದು')
ಫಾರ್ (ಐ = 0; ಐ < ಸಾಲುಗಳು.ಲೆಂತ್; ಐ++) ಸಾಲುಗಳು[ಐ].ಕ್ಲಾಸ್‌ಲಿಸ್ಟ್.ರಿಮೂವ್('ಹೊಸದು')

ಕ್ವೆರಿಸೆಲೆಕ್ಟರ್‌ಆಲ್ ಅಂತ ಇನ್ನೊಂದಿದೆ, ಟ್ಯಾಗ್‌ನೇಮ್ ಅಂತ ಇದೆ, ಬೈನೇಮ್ ಅಂತಾನೂ ಇದೆ. ಯಾವುದನ್ನ ಯಾವಾಗ ಹಾಕ್ಬೇಕು ಅಂತ ಗೊತ್ತಾಗ್ತಿಲ್ಲ. ದಯವಿಟ್ಟು ಬಿಡಿಸಿ ಹೇಳಿ.

ಕೋಟೆಬೆಟ್ಟ:
ಉಳಿದಿರೋ ಸಾಲು ಯಾವ್ಯಾವ ತಾರೀಕಿಂದು ಅಂತ ನೋಡಿ ಹೇಳ್ತೀರಾ? 2, 4, 6 ಹೀಗೆ ಸಮ ಸಂಖ್ಯೆ ತಾರೀಕುಗಳೇ ಇರ್ಬೇಕು.

ಕಾಪಿ ಹೂ:
ಹೌದು ಅಣ್ಣ!! 2ರಿಂದ 30ರವರೆಗೆ ಒಂದು ಬಿಟ್ಟು ಒಂದು. ಹೇಗೆ ಗೊತ್ತಾಯ್ತು?

ಕೋಟೆಬೆಟ್ಟ:
ಸಾಯಂಕಾಲ ಕಣದಲ್ಲಿ ಹಣ್ಣು ತೂಕ ಹಾಕೋದು ನೋಡಿರ್ತೀರಲ್ಲ, ಕುಯ್ದವರು ಚೀಲ ಇಟ್ಕೊಂಡು ಸಾಲಲ್ಲಿ ನಿಂತಿರ್ತಾರೆ. ಮೊದಲನೇಯವರದ್ದು ತೂಗಿದ ಕೂಡ್ಲೇ ಅವರು ಸಾಲು ಬಿಟ್ಟು ಹೋಗ್ತಾರೆ, ಹಿಂದಿನವರೆಲ್ಲ ಒಂದೊಂದು ಹೆಜ್ಜೆ ಮುಂದೆ ಬರ್ತಾರೆ. ಈಗ ನೀವು ಪುಸ್ತಕ ನೋಡ್ಕೊಂಡು 'ಎರಡನೇ ಜಾಗದವರು ಬನ್ನಿ' ಅಂತ ಕರೆದ್ರೆ ಬರೋದು ಯಾರು? ಮೊದಲು ಮೂರನೇಯವರಾಗಿ ನಿಂತಿದ್ದವರು. ನಿಜವಾದ ಎರಡನೇಯವರು ಈಗ ಮೊದಲನೇ ಜಾಗದಲ್ಲಿ ನಿಂತಿದಾರೆ, ಅವರನ್ನ ಯಾರೂ ಕೇಳಲಿಲ್ಲ. ನಿಮ್ಮ ಲೂಪಲ್ಲಿ ಆಗ್ತಿರೋದು ಪೂರ್ತಿ ಇದೇ.

ಗೆಟ್‌ಎಲಿಮೆಂಟ್ಸ್‌ಬೈಕ್ಲಾಸ್‌ನೇಮ್ ಕೊಡೋ ಪಟ್ಟಿ ಲೈವ್. ಅಂದ್ರೆ ಪೇಜಲ್ಲಿ ಏನು ಬದಲಾದ್ರೂ ಪಟ್ಟಿನೂ ಆ ಕ್ಷಣಕ್ಕೇ ಬದಲಾಗುತ್ತೆ. ಒಂದು ಸಾಲಿಂದ 'ಹೊಸದು' ತೆಗೆದ್ರಿ, ಅದು ಪಟ್ಟಿಯಿಂದ್ಲೂ ಬಿತ್ತು, ಉಳಿದವು ಮುಂದೆ ಸರಿದ್ವು, ನಿಮ್ಮ ಐ ಮಾತ್ರ ಒಂದು ಹೆಚ್ಚಾಯ್ತು. ಕ್ವೆರಿಸೆಲೆಕ್ಟರ್‌ಆಲ್ ಹಾಗಲ್ಲ, ಕರೆದ ಕ್ಷಣದಲ್ಲಿ ಏನಿತ್ತೋ ಅದನ್ನ ಬರ್ಕೊಂಡು ಕೊಡುತ್ತೆ, ಆಮೇಲೆ ಪೇಜಲ್ಲಿ ಏನಾದ್ರೂ ಆ ಪಟ್ಟಿ ಅಲ್ಲಾಡಲ್ಲ.

ನಿಮ್ಮ ಮನೇಲೇ ಎರಡೂ ಇದೆ ನೋಡಿ. ಅಂಗಳದ ಮಳೆ ಮಾಪಕ ಲೈವ್, ಯಾವಾಗ ಹೋಗಿ ನೋಡಿದ್ರೂ ಆ ಹೊತ್ತಿನ ನೀರು ತೋರ್ಸುತ್ತೆ. ಅಪ್ಪನ ಡೈರಿ ಸ್ಟಾಟಿಕ್, ಬೆಳಿಗ್ಗೆ ಬರೆದಿದ್ದು ಬರೆದಿದ್ದೇ. ಈಗ ನಿಮಗೆ ಬೇಕಾಗಿರೋದು ಡೈರಿ.

ಡಾಕ್ಯುಮೆಂಟ್.ಕ್ವೆರಿಸೆಲೆಕ್ಟರ್‌ಆಲ್('.ಹೊಸದು').ಫಾರ್‌ಈಚ್(ಸಾಲು => ಸಾಲು.ಕ್ಲಾಸ್‌ಲಿಸ್ಟ್.ರಿಮೂವ್('ಹೊಸದು'))

ಮುಂದೆ ಚುಕ್ಕಿ ಇಡೋದು ಮರೀಬೇಡಿ, ಇಲ್ಲಿ ಕೊಡೋದು ಸಿಎಸ್‌ಎಸ್ ಸೆಲೆಕ್ಟರ್, ಅಂದ್ರೆ ಪೇಜಿನ ಅಂದ ಬರೆಯೋ ಭಾಷೇಲಿ ಎಲಿಮೆಂಟ್ ಗುರುತಿಸೋ ರೀತಿ. ಬೈಕ್ಲಾಸ್‌ನೇಮ್‌ಗೆ ಚುಕ್ಕಿ ಇಡಬಾರದು, ಬರೀ ಹೆಸರು.

ಕಾಪಿ ಹೂ:
ಕಣದ ಉದಾಹರಣೆ ಓದಿದ ತಕ್ಷಣ ಕಣ್ಣಿಗೆ ಕಟ್ತು. ಆದ್ರೆ ನಾನು ಹಳೇದಕ್ಕೇ ಫಾರ್‌ಈಚ್ ಹಾಕಿ ನೋಡಿದೆ, 'ಫಾರ್‌ಈಚ್ ಫಂಕ್ಷನ್ ಅಲ್ಲ' ಅಂತ ಎರರ್ ಬಂತು. ಫಾರ್-ಆಫ್ ಹಾಕಿದ್ರೆ ಎರರ್ ಇಲ್ಲ ಆದ್ರೆ ಮತ್ತೆ ಅದೇ 15 ಸಾಲು.

ಹಾರಂಗಿ ದಡ:
ಬೈಕ್ಲಾಸ್‌ನೇಮ್ ಕೊಡೋದು ಎಚ್‌ಟಿಎಂಎಲ್ ಕಲೆಕ್ಷನ್, ಅದಕ್ಕೆ ಫಾರ್‌ಈಚ್ ಇಲ್ಲ. ಕ್ವೆರಿಸೆಲೆಕ್ಟರ್‌ಆಲ್ ಕೊಡೋದು ನೋಡ್‌ಲಿಸ್ಟ್, ಅದಕ್ಕಿದೆ. ಮ್ಯಾಪ್, ಫಿಲ್ಟರ್ ಮಾತ್ರ ಎರಡಕ್ಕೂ ಇಲ್ಲ, ಅದು ಬೇಕಂದ್ರೆ ಅರೇ.ಫ್ರಮ್ ಒಳಗೆ ಹಾಕಿ ನಿಜವಾದ ಅರೇ (ಜಾವಾಸ್ಕ್ರಿಪ್ಟಿನ ಮಾಮೂಲಿ ಪಟ್ಟಿ) ಮಾಡ್ಕೊಳ್ಳಿ. ಫಾರ್-ಆಫ್ ಒಳಗೂ ನಡೆಯೋದು ಅದೇ 0, 1, 2 ಎಣಿಕೆ, ಅದಕ್ಕೇ ಹಾರುತ್ತೆ. ನಿಮ್ಮ ಹಳೇ ಕೋಡೇ ಉಳಿಸ್ಕೋಬೇಕು ಅಂದ್ರೆ ಹಿಂದಿನಿಂದ ಎಣಿಸಿ, ಲೆಂತ್ ಮೈನಸ್ 1ರಿಂದ 0ಗೆ, ಆಗ ಸರಿದ್ರೂ ತೊಂದ್ರೆ ಇಲ್ಲ ಯಾಕಂದ್ರೆ ಸರಿಯೋದು ಹಿಂದಿರೋವು ಮಾತ್ರ, ಅವನ್ನ ಆಗ್ಲೇ ಮುಗಿಸಿರ್ತೀರಿ.

ಆದ್ರೆ ಒಂದು ಮಾತು, ಎಲ್ಲದಕ್ಕೂ ಕ್ವೆರಿಸೆಲೆಕ್ಟರ್‌ಆಲ್ ಹಾಕಿ ಅನ್ನೋದನ್ನ ನಾನು ಒಪ್ಪಲ್ಲ. ಬೈಕ್ಲಾಸ್‌ನೇಮ್ ವೇಗ ಜಾಸ್ತಿ.

ಕೋಟೆಬೆಟ್ಟ:
ವೇಗ ಜಾಸ್ತಿ ಅನ್ನೋದು ನಿಜ, ಇಲ್ಲ ಅನ್ನಲ್ಲ. ಕ್ವೆರಿಸೆಲೆಕ್ಟರ್‌ಆಲ್ ಕರೆದಾಗ್ಲೇ ಪೂರ್ತಿ ಪಟ್ಟಿ ತಯಾರು ಮಾಡ್ಬೇಕು, ಲೈವ್ ಪಟ್ಟಿ ಕೇಳಿದಾಗ ಮಾತ್ರ ಹುಡುಕಿದ್ರೆ ಸಾಕು. ಆದ್ರೆ ವರ್ಷಕ್ಕೆ 365 ಸಾಲು ಇರೋ ಪೇಜಲ್ಲಿ, ಒಂದು ಬಟನ್ ಒತ್ತಿದಾಗ ಒಂದೇ ಸಲ ಓಡೋ ಕೋಡಲ್ಲಿ ಆ ವ್ಯತ್ಯಾಸ ಮನುಷ್ಯನ ಕಣ್ಣಿಗೆ ಬೀಳಲ್ಲ ಮಾರಾಯ್ರೆ. ಆಷಾಢದ ಮಳೇಲಿ ಕರೆಂಟ್ ಹೋಗಿ ಟವರ್ ಬ್ಯಾಟರಿ ಮುಗಿದು ಪೇಜೇ ಲೋಡ್ ಆಗದೆ ಕೂತಿರೋ ಜಾಗದಲ್ಲಿ ಮಿಲಿಸೆಕೆಂಡಿನ ಒಳಗಿನ ಉಳಿತಾಯಕ್ಕೋಸ್ಕರ ಅರ್ಧ ಸಾಲು ತಪ್ಪೋ ಅಪಾಯ ತಗೋಬೇಕಾ?

ಹಾರಂಗಿ ದಡ:
ಈ ಪೇಜಿಗೆ ನೀವು ಹೇಳಿದ್ದು ಸರಿ. ನಾನು ಹೇಳಿದ್ದು ಸ್ಕ್ರೋಲ್ ಇವೆಂಟ್ ಒಳಗೆ ಪದೇ ಪದೇ ಹುಡುಕೋ ಕಡೆ. ಅಲ್ಲೂ ನಿಜವಾದ ಪರಿಹಾರ ಹೊರಗಡೆ ಒಂದ್ಸಲ ಹುಡುಕಿ ವೇರಿಯಬಲ್‌ನಲ್ಲಿ ಇಟ್ಕೊಳ್ಳೋದು, ಅದನ್ನೂ ಹೇಳ್ಬೇಕು. ಇನ್ನೊಂದು ನನ್ನ ಅನುಭವ: ಹೋಂಸ್ಟೇ ಒಂದಕ್ಕೆ ಪೇಜ್ ಮಾಡ್ತಿದ್ದಾಗ 'ಕೋಣೆ' ಕ್ಲಾಸಿರೋ ಪ್ರತಿ ಕಾರ್ಡಿನ ನಕಲು ಮಾಡಿ ಕೆಳಗೆ ಸೇರಿಸ್ಬೇಕಿತ್ತು, ಲೈವ್ ಪಟ್ಟಿ ಮೇಲೆ ಲೂಪ್ ಹಾಕಿದ್ದೆ. ಒಂದು ಸೇರಿಸಿದ್ರೆ ಪಟ್ಟಿ ಒಂದು ಉದ್ದ ಆಗುತ್ತೆ, ಲೆಂತ್ ಮುಂದೆ ಓಡ್ತಾನೇ ಇರುತ್ತೆ, ಲೂಪ್ ಮುಗಿಯೋದೇ ಇಲ್ಲ. ಬ್ರೌಸರ್ ಟ್ಯಾಬ್ ನಿಂತೇ ಹೋಯ್ತು, ಸೇವ್ ಮಾಡದ ಎರಡು ಗಂಟೆ ಕೆಲಸ ಹೋಯ್ತು. ತೆಗೆಯೋವಾಗ ಅರ್ಧ ಬಿಟ್ಟುಹೋಗುತ್ತೆ, ಸೇರಿಸೋವಾಗ ಮುಗಿಯೋದೇ ಇಲ್ಲ. ಎರಡರ ಮೂಲ ಒಂದೇ.

ಆದ್ರೂ ಲೈವ್‌ಗೂ ಜಾಗ ಇದೆ. 'ಇನ್ನೂ ನೋಡಬೇಕಾದ ಸಾಲು ಎಷ್ಟು' ಅಂತ ಮೇಲ್ಗಡೆ ಸಂಖ್ಯೆ ತೋರಿಸ್ಬೇಕು ಅಂದ್ರೆ ಲೈವ್ ಪಟ್ಟಿ ಒಂದ್ಸಲ ಇಟ್ಕೊಂಡು ಬೇಕಾದಾಗ ಅದರ ಲೆಂತ್ ಓದಿದ್ರೆ ಸಾಕು, ಯಾವಾಗ್ಲೂ ಸರಿಯಾದ ಲೆಕ್ಕವೇ ಸಿಗುತ್ತೆ. ನೆನಪಿಡೋಕೂ ಸುಲಭ, ಎಚ್‌ಟಿಎಂಎಲ್ ಕಲೆಕ್ಷನ್ ಲೈವ್, ನೋಡ್‌ಲಿಸ್ಟ್ ಸ್ಟಾಟಿಕ್.

ಪುಷ್ಪಗಿರಿ:
ಕೊನೇ ಸಾಲು ಮಾತ್ರ ತಿದ್ದಬೇಕು ಸರ್. ನೋಡ್‌ಲಿಸ್ಟ್ ಎಲ್ಲಾ ಸ್ಟಾಟಿಕ್ ಅಲ್ಲ. ಗೆಟ್‌ಎಲಿಮೆಂಟ್ಸ್‌ಬೈನೇಮ್ ಕೊಡೋದೂ ನೋಡ್‌ಲಿಸ್ಟೇ, ಆದ್ರೆ ಲೈವ್. ಚೈಲ್ಡ್‌ನೋಡ್ಸ್ (ಎಲಿಮೆಂಟಿನ ಒಳಗಿರೋವುಗಳ ಪಟ್ಟಿ) ಕೂಡ ನೋಡ್‌ಲಿಸ್ಟ್, ಅದೂ ಲೈವ್. ಪಟ್ಟಿಯ ಜಾತಿ ನೋಡಿ ತೀರ್ಮಾನ ಮಾಡೋಕಾಗಲ್ಲ, ಯಾವ ಮೆಥಡಿಂದ ಬಂತು ಅಂತ ನೋಡ್ಬೇಕು. ಗೆಟ್‌ಎಲಿಮೆಂಟ್ಸ್ ಅಂತ ಶುರುವಾಗೋವೆಲ್ಲ ಲೈವ್, ಕ್ವೆರಿಸೆಲೆಕ್ಟರ್‌ಆಲ್ ಸ್ಟಾಟಿಕ್. ಹೀಗೆ ನೆನಪಿಟ್ರೆ ತಪ್ಪಾಗಲ್ಲ.

ಹಾರಂಗಿ ದಡ:
ಸರಿ, ಒಪ್ಪಿದೆ. ಬೈನೇಮ್ ಲೈವ್ ಅಂತ ನನಗೆ ಗೊತ್ತಿರ್ಲಿಲ್ಲ. ಥ್ಯಾಂಕ್ಸ್ ಮೇಡಂ.

ಗಡಿಯಾರ ಕಂಬ:
ವಿರಾಜಪೇಟೆಯಿಂದ. ಯಾಕೆ ಹೀಗೆ ಎರಡು ಥರ ಇದೆ ಅಂತ ಹೊಸಬರಿಗೆ ಗೊತ್ತಿದ್ರೆ ಒಳ್ಳೇದು ಅನ್ಸುತ್ತೆ, ಅದಕ್ಕೇ ಬರೀತೀನಿ. 1998ರಲ್ಲಿ ಬಂದ ಮೊದಲನೇ ಡಾಮ್ (ಪೇಜಿನ ಭಾಗಗಳನ್ನ ಕೋಡಿಗೆ ಒದಗಿಸೋ ವ್ಯವಸ್ಥೆ) ನಿಯಮದಲ್ಲೇ ಟ್ಯಾಗ್‌ನೇಮ್ ಮೆಥಡ್ ಇತ್ತು, ಪಟ್ಟಿ ಲೈವ್ ಇರ್ಬೇಕು ಅಂತ ಅಲ್ಲೇ ಬರೆದಿತ್ತು. 2006ರಲ್ಲಿ ಜಾನ್ ರೆಸಿಗ್ ಜೆಕ್ವೆರಿ ಅನ್ನೋ ರೆಡಿಮೇಡ್ ಕೋಡ್ ಲೈಬ್ರರಿ ತಂದ್ರು, ಸಿಎಸ್‌ಎಸ್ ಸೆಲೆಕ್ಟರ್ ಕೊಟ್ಟು ಎಲಿಮೆಂಟ್ ಹಿಡಿಯೋದು ಎಲ್ಲರಿಗೂ ಅಭ್ಯಾಸ ಆಗಿದ್ದು ಆಗ್ಲೇ. ಅದು ಕೊಡ್ತಿದ್ದ ಪಟ್ಟಿ ಲೈವ್ ಅಲ್ಲ, ಹಾಗಾಗಿ ನಮ್ಮಂಥವರು ಎಷ್ಟೋ ವರ್ಷ ಈ ಸಮಸ್ಯೆಯ ಮುಖವನ್ನೇ ನೋಡ್ಲಿಲ್ಲ. ಆಮೇಲೆ ಬ್ರೌಸರ್‌ಗಳೇ ಕ್ವೆರಿಸೆಲೆಕ್ಟರ್‌ಆಲ್ ಕೊಟ್ವು. ಇಂಟರ್‌ನೆಟ್ ಎಕ್ಸ್‌ಪ್ಲೋರರ್ 8ರಲ್ಲಿ ಕ್ವೆರಿಸೆಲೆಕ್ಟರ್‌ಆಲ್ ಇತ್ತು ಆದ್ರೆ ಬೈಕ್ಲಾಸ್‌ನೇಮ್ ಇರ್ಲಿಲ್ಲ, ಅದು ಬಂದಿದ್ದು 9ರಲ್ಲಿ. ನೋಡ್‌ಲಿಸ್ಟ್‌ಗೆ ಫಾರ್‌ಈಚ್ ಬಂದಿದ್ದಂತೂ ಇನ್ನೂ ತಡ, ಕ್ರೋಮ್‌ನಲ್ಲಿ 2016ಕ್ಕೆ. ಹಳೇ ಕೋಡುಗಳಲ್ಲಿ ಪಟ್ಟೀನ ಅರೇ ಮಾಡೋಕೆ ಸುತ್ತು ಬಳಸಿ ಬರೆದಿರೋದು ಕಂಡ್ರೆ ಕಾರಣ ಇದು, ಬರೆದವರಿಗೆ ಗೊತ್ತಿಲ್ಲದೆ ಅಲ್ಲ.

ಈಗ ಬರೀ ಇಷ್ಟಕ್ಕೋಸ್ಕರ ಜೆಕ್ವೆರಿ ಹಾಕ್ಬೇಡಿ ತಂಗಿ. ಒಂದು ಅದರಿಂದ ಬಂದ ಅಭ್ಯಾಸ ಮಾತ್ರ ಬಿಡ್ಬೇಕು: ಅಲ್ಲಿ ಪಟ್ಟಿ ಮೇಲೇ ನೇರವಾಗಿ ಕ್ಲಿಕ್ ಇಡಬಹುದಿತ್ತು, ಇಲ್ಲಿ ಪಟ್ಟಿಗೆ ಆಡ್‌ಇವೆಂಟ್‌ಲಿಸನರ್ ಇಟ್ರೆ ಎರರ್. ಒಂದೊಂದು ಎಲಿಮೆಂಟಿಗೂ ಇಡ್ಬೇಕು.

ಕಾಪಿ ಹೂ:
ತುಂಬಾ ಉಪಕಾರ ಆಯ್ತು ಸರ್. ಆ ಬಟನ್ ಸರಿ ಹೋಯ್ತು, ಒಂದೇ ಸಲಕ್ಕೆ 31 ಸಾಲೂ ಬಿಳಿ ಆಯ್ತು. ಈಗ ಎರಡು ಹೊಸ ತೊಂದರೆ. ಮಳೆ ಬಂದ ದಿನಕ್ಕೆ 'ಮಳೆ' ಅಂತ, ಬರದ ದಿನಕ್ಕೆ 'ಮಳೆ ಇಲ್ಲ' ಅಂತ ಕ್ಲಾಸ್ ಕೊಟ್ಟಿದೀನಿ, '.ಮಳೆ' ಹುಡುಕಿದ್ರೆ ಫೆಬ್ರವರಿ ತಿಂಗಳು ಪೂರ್ತಿ ಬರ್ತಿದೆ, ಆ ತಿಂಗಳು ಒಂದು ಹನಿ ಬಿದ್ದಿರ್ಲಿಲ್ಲ. ಎರಡನೇದು, ಅಜ್ಜಿ ಕಕ್ಕಡ 18ರ (ಕೊಡವ ತಿಂಗಳ ಲೆಕ್ಕದ ದಿನ) ಮಳೆ ಪ್ರತಿ ವರ್ಷ ಎಷ್ಟು ಅಂತ ಕೇಳ್ತಾರೆ, ಅದಕ್ಕೆ ಆ ದಿನಕ್ಕೆ '18' ಅಂತ ಕ್ಲಾಸ್ ಕೊಟ್ಟು '.18' ಹುಡುಕಿದ್ರೆ ಸಿಂಟ್ಯಾಕ್ಸ್ ಎರರ್.

ಪುಷ್ಪಗಿರಿ:
ಮೊದಲನೇದು: ಕ್ಲಾಸ್ ಹೆಸರಲ್ಲಿ ಜಾಗ ಬಿಟ್ರೆ ಅದು ಎರಡು ಕ್ಲಾಸ್. 'ಮಳೆ ಇಲ್ಲ' ಅಂದ್ರೆ ಆ ಸಾಲಿಗೆ 'ಮಳೆ'ನೂ ಇದೆ 'ಇಲ್ಲ'ನೂ ಇದೆ. 'ಮಳೆಯಿಲ್ಲ' ಅಂತ ಕೂಡಿಸಿ ಬರೀರಿ ಅಥವಾ 'ಒಣದಿನ' ಅಂತ ಬೇರೇನೇ ಹೆಸರಿಡಿ. ಇದೇ ಕಾರಣಕ್ಕೆ ಬೈಕ್ಲಾಸ್‌ನೇಮ್‌ಗೆ 'ಹೊಸದು ತಿದ್ದಿದ್ದು' ಅಂತ ಕೊಟ್ರೆ ಎರಡೂ ಇರೋ ಸಾಲು ಮಾತ್ರ ಬರುತ್ತೆ. ಎರಡರಲ್ಲಿ ಯಾವುದಿದ್ರೂ ಸಾಕು ಅಂದ್ರೆ ಕ್ವೆರಿಸೆಲೆಕ್ಟರ್‌ಆಲ್('.ಹೊಸದು, .ತಿದ್ದಿದ್ದು'), ಮಧ್ಯೆ ಕಾಮಾ. ಎರಡೂ ಇರೋ ಸಾಲು ಎರಡು ಸಲ ಬರಲ್ಲ, ಪೇಜಲ್ಲಿರೋ ಕ್ರಮದಲ್ಲೇ ಒಂದೊಂದ್ಸಲ ಬರುತ್ತೆ. ಇಂಥದ್ದನ್ನ ಬೈಕ್ಲಾಸ್‌ನೇಮ್‌ನಲ್ಲಿ ಒಂದೇ ಸಲಕ್ಕೆ ಕೇಳೋಕಾಗಲ್ಲ, ನಾನು ಕ್ವೆರಿಸೆಲೆಕ್ಟರ್‌ಆಲ್ ಬಳಸೋ ಮುಖ್ಯ ಕಾರಣ ಇದು.

ಎರಡನೇದು: ಸೆಲೆಕ್ಟರ್‌ನಲ್ಲಿ ಹೆಸರು 0ಯಿಂದ 9ರ ಅಂಕಿಯಿಂದ ಶುರುವಾಗಬಾರದು. ಬೈಕ್ಲಾಸ್‌ನೇಮ್('18') ನಡೆಯುತ್ತೆ ಯಾಕಂದ್ರೆ ಅಲ್ಲಿರೋದು ಸೆಲೆಕ್ಟರ್ ಅಲ್ಲ, ಬರೀ ಹೆಸರು. ಆದ್ರೆ ಕ್ಲಾಸ್ ಬಿಟ್ಟು ಆ ಸಾಲಿಗೆ ಡೇಟಾ-ಕಕ್ಕಡ="18" ಅಂತ ಆಟ್ರಿಬ್ಯೂಟ್ ಕೊಡಿ, ಕ್ವೆರಿಸೆಲೆಕ್ಟರ್‌ಆಲ್('[ಡೇಟಾ-ಕಕ್ಕಡ="18"]') ಅಂತ ಕೇಳಿ, ಎಷ್ಟು ವರ್ಷ ಇದ್ಯೋ ಅಷ್ಟೂ ಸಾಲು ಬರುತ್ತೆ. ಒಳಗೆ ಉದ್ಧರಣ ಚಿಹ್ನೆ ಹಾಕಿರೋದ್ರಿಂದ ಅಂಕಿ ಇದ್ರೂ ತಕರಾರಿಲ್ಲ.

ಕಾಪಿ ಹೂ:
ಎರಡೂ ಆಯ್ತು ಅಕ್ಕ. ಅಜ್ಜಿಗೆ ಆರು ವರ್ಷದ್ದು ತೋರಿಸ್ದೆ, ಮಿಕ್ಕ ಡೈರಿ ಯಾವಾಗ ಹಾಕ್ತೀಯ ಅಂತ ಕೇಳ್ತಿದಾರೆ.

ಇನ್ನೊಂದು. ಪ್ರತಿ ಸಾಲಿಗೂ 'ತಿದ್ದು' ಅಂತ ಬಟನ್ ಇದೆ. ಪೇಜ್ ತೆರೆದಾಗ ಕ್ವೆರಿಸೆಲೆಕ್ಟರ್‌ಆಲ್('.ತಿದ್ದು') ಮಾಡಿ ಎಲ್ಲಕ್ಕೂ ಕ್ಲಿಕ್ ಇಟ್ಟೆ, ಸರಿಯಾಗಿತ್ತು. ಆದ್ರೆ ಆಮೇಲೆ ಫಾರ್ಮಿಂದ ಸೇರಿಸಿದ ಸಾಲಿನ ಬಟನ್ ಒತ್ತಿದ್ರೆ ಏನೂ ಆಗಲ್ಲ.

ಕೋಟೆಬೆಟ್ಟ:
ಡೈರಿ ಬರೆದು ಮುಚ್ಚಿಟ್ಟ ಮೇಲೆ ಬಿದ್ದ ಮಳೆ ಡೈರೀಲಿ ಇರುತ್ತಾ? ಪೇಜ್ ತೆರೆದಾಗ ತಗೊಂಡ ಪಟ್ಟೀಲಿ ಆಮೇಲೆ ಹುಟ್ಟಿದ ಬಟನ್ ಇಲ್ಲ. ಹಾಗಂತ ಇಲ್ಲಿ ಲೈವ್ ಪಟ್ಟಿ ತಗೊಂಡ್ರೂ ಪ್ರಯೋಜನ ಇಲ್ಲ, ಪಟ್ಟಿಗೆ ಹೊಸ ಬಟನ್ ತಾನಾಗೇ ಸೇರುತ್ತೆ ಆದ್ರೆ ನೀವು ಕ್ಲಿಕ್ ಇಟ್ಟ ಲೂಪ್ ಆಗ್ಲೇ ಓಡಿ ಮುಗಿದಿರುತ್ತೆ. ಈ ಕೆಲಸಕ್ಕೆ ಬಟನ್‌ಗಳನ್ನ ಹಿಡಿಯೋದೇ ಬೇಡ. ಕೋಷ್ಟಕ ಒಂದನ್ನ ಹಿಡಿದು ಅದಕ್ಕೊಂದೇ ಕ್ಲಿಕ್ ಇಡಿ, ಒಳಗೆ ಯಾವ ಬಟನ್ ಒತ್ತಿದ್ರೂ ಆ ಕ್ಲಿಕ್ ಮೇಲಕ್ಕೆ ಕೋಷ್ಟಕದ ತನಕ ಬರುತ್ತೆ:

ಕೋಷ್ಟಕ.ಆಡ್‌ಇವೆಂಟ್‌ಲಿಸನರ್('ಕ್ಲಿಕ್', ಇ => {
ಬಟನ್ = ಇ.ಟಾರ್ಗೆಟ್.ಕ್ಲೋಸೆಸ್ಟ್('.ತಿದ್ದು')
ಇಫ್ (!ಬಟನ್) ರಿಟರ್ನ್
ಸಾಲುತಿದ್ದು(ಬಟನ್.ಕ್ಲೋಸೆಸ್ಟ್('ಟಿಆರ್'))
})

ಟಾರ್ಗೆಟ್ ನೇರವಾಗಿ ಬಳಸದೆ ಕ್ಲೋಸೆಸ್ಟ್ ಹಾಕಿದ್ದು ಯಾಕಂದ್ರೆ ಬಟನ್ ಒಳಗೆ ಪೆನ್ಸಿಲ್ ಐಕಾನ್ ಇದ್ರೆ ಬೆರಳು ಬೀಳೋದು ಐಕಾನ್ ಮೇಲೆ, ಆಗ ಟಾರ್ಗೆಟ್ ಐಕಾನ್ ಆಗಿರುತ್ತೆ, ಕ್ಲೋಸೆಸ್ಟ್ ಅಲ್ಲಿಂದ ಮೇಲಕ್ಕೆ ಹುಡುಕಿ ಬಟನ್ ಹಿಡಿಯುತ್ತೆ.

ಪುಷ್ಪಗಿರಿ:
ಕೋಷ್ಟಕದಿಂದ ಹುಡುಕೋವಾಗ ಇದೊಂದು ಸೇರಿಸ್ತೀನಿ. ಕೋಷ್ಟಕ.ಕ್ವೆರಿಸೆಲೆಕ್ಟರ್‌ಆಲ್('.ತೋಟ .ಅಳತೆ') ಅಂದ್ರೆ ಕೋಷ್ಟಕದ ಒಳಗಿರೋ 'ತೋಟ'ದೊಳಗೆ ಹುಡುಕುತ್ತೆ ಅಂದ್ಕೋತೀವಿ, ಹಾಗಲ್ಲ. 'ತೋಟ' ಅನ್ನೋದು ಕೋಷ್ಟಕದ ಹೊರಗೆ ಸುತ್ತ ಇದ್ರೂ ಹೊಂದುತ್ತೆ, ಕೊನೇಗೆ ಸಿಗೋ 'ಅಳತೆ' ಮಾತ್ರ ಕೋಷ್ಟಕದ ಒಳಗಿರ್ಬೇಕು. ಒಳಗಿಂದಾನೇ ಲೆಕ್ಕ ಶುರುವಾಗ್ಬೇಕು ಅಂದ್ರೆ ಮುಂದೆ ':ಸ್ಕೋಪ್' ಹಾಕ್ಬೇಕು.

ಕಾಪಿ ಹೂ:
ಮೂರು ದಿನದಿಂದ ಒದ್ದಾಡ್ತಿರೋ ಒಂದು ವಿಷಯ ಇದೆ, ಇದಕ್ಕೆ ನನಗೆ ದಾರೀನೇ ಕಾಣ್ತಿಲ್ಲ. ಕಾಪಿ ಕೊಯ್ಲು ನಡೆದ ದಿನಗಳಿಗೆ 'ಕೊಯ್ಲು' ಅಂತ ಕ್ಲಾಸ್ ಕೊಟ್ಟಿದೀವಿ. ಕೊಯ್ಲು ಟೈಮಲ್ಲಿ ಮಳೆ ಬಂದ್ರೆ ಕಣದಲ್ಲಿ ಹರಡಿರೋ ಕಾಪಿ ಹಾಳಾಗುತ್ತಲ್ಲ, ಯಾವ ವರ್ಷ ಹಾಗಾಯ್ತು ಅಂತ ಅಪ್ಪಂಗೆ ಬೇಕು. ಒಂದಷ್ಟು ಸಾಲು ನಾನು ಫೋನಲ್ಲಿ ಟೈಪ್ ಮಾಡಿದ್ದು, ಒಂದಷ್ಟು ತಮ್ಮ ಹಳೇ ಫಾಂಟಲ್ಲಿದ್ದ ಫೈಲಿಂದ ಕನ್ವರ್ಟ್ ಮಾಡಿ ಹಾಕಿದ್ದು. ಕ್ವೆರಿಸೆಲೆಕ್ಟರ್‌ಆಲ್('.ಕೊಯ್ಲು') ಅಂದ್ರೆ ನಂದು ಮಾತ್ರ ಬರುತ್ತೆ. ಬೈಕ್ಲಾಸ್‌ನೇಮ್‌ನಲ್ಲೂ ಅಷ್ಟೇ. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತೆ. ಕನ್ನಡದಲ್ಲಿ ಕ್ಲಾಸ್ ಹೆಸರು ಇಟ್ಟಿದ್ದೇ ತಪ್ಪಾಯ್ತಾ?

ಅಚ್ಚಿನ ಮನೆ:
ಕನ್ನಡದಲ್ಲಿ ಇಟ್ಟಿದ್ದು ತಪ್ಪಲ್ಲ, ದಯವಿಟ್ಟು ಬದಲಾಯಿಸ್ಬೇಡಿ. ಸಿಎಸ್‌ಎಸ್ ನಿಯಮದಲ್ಲಿ ಕನ್ನಡ ಅಕ್ಷರಗಳಿಗೆ ಪೂರ್ತಿ ಅವಕಾಶ ಇದೆ. ನಾನು ಮಡಿಕೇರೀಲಿ ಡಿಟಿಪಿ ಕೆಲಸ ಮಾಡೋದು, ಈ ಕೊ ಸಮಸ್ಯೆ ದಿನಾ ನೋಡ್ತೀನಿ. ಕನ್ಸೋಲ್‌ನಲ್ಲಿ (ಬ್ರೌಸರಲ್ಲಿ ಕೋಡ್ ಓಡಿಸಿ ನೋಡೋ ಜಾಗ) ಎರಡೂ ಕಡೆಯ ಕ್ಲಾಸ್ ಹೆಸರಿನ ಲೆಂತ್ ಎಷ್ಟು ಅಂತ ನೋಡಿ ಹೇಳಿ.

ಕಾಪಿ ಹೂ:
ನಂದು 6. ತಮ್ಮನದ್ದು 7!

ಅಚ್ಚಿನ ಮನೆ:
ಹಾಗಾದ್ರೆ ಅದೇ. ಯೂನಿಕೋಡ್‌ನಲ್ಲಿ 'ಕೊ' ಅನ್ನೋದನ್ನ ಎರಡು ಥರ ಬರೀಬಹುದು. ಕ ಆದ್ಮೇಲೆ ಒ ಸ್ವರದ ಚಿಹ್ನೆ ಒಂದೇ ಸಂಕೇತವಾಗಿ ಇಡೋದು ಒಂದು. ಕ ಆದ್ಮೇಲೆ ಎ ಸ್ವರದ ಚಿಹ್ನೆ, ಅದಾದ್ಮೇಲೆ ಊ ಸ್ವರದ ಚಿಹ್ನೆ, ಹೀಗೆ ಎರಡು ಸಂಕೇತವಾಗಿ ಇಡೋದು ಇನ್ನೊಂದು. ಪರದೆ ಮೇಲೆ ಎರಡಕ್ಕೂ ಒಂದೇ ರೂಪ. ಹಳೇ ಫಾಂಟ್‌ಗಳಲ್ಲಿ ಕೊಂಬು ಕೊನೆ ಎಲ್ಲ ಬಿಡಿ ಬಿಡಿ ತುಂಡಾಗಿ ಇರ್ತಿತ್ತು, ಕೆಲವು ಕನ್ವರ್ಟರ್ ಆ ತುಂಡುಗಳನ್ನ ಹಾಗ್ಹಾಗೇ ತಂದು ಹಾಕುತ್ತೆ. ಎರಡೂ ಸಮ ಅಂತ ಯೂನಿಕೋಡ್ ಹೇಳುತ್ತೆ ನಿಜ, ಆದ್ರೆ ಸೆಲೆಕ್ಟರ್ ಹೋಲಿಸೋವಾಗ ಬ್ರೌಸರ್ ಅದನ್ನ ಸಮ ಮಾಡ್ಕೊಳ್ಳಲ್ಲ, ಸಂಕೇತಕ್ಕೆ ಸಂಕೇತ ನೋಡುತ್ತೆ. ಅದಕ್ಕೇ ಮೆಥಡ್ ಬದಲಾಯಿಸಿದ್ರೂ ಸಿಗ್ಲಿಲ್ಲ. ಕೋ, ಮೊ, ತೋ ಎಲ್ಲಕ್ಕೂ ಇದೇ ಕಥೆ, 'ತೋಟ' ಕ್ಲಾಸಿದ್ರೆ ಅದನ್ನೂ ನೋಡ್ಕೊಳ್ಳಿ.

ಡೇಟಾ ಪೇಜಿಗೆ ಬರೋಕೆ ಮುಂಚೆ ಹೆಸರು.ನಾರ್ಮಲೈಜ್('ಎನ್‌ಎಫ್‌ಸಿ') ಮಾಡಿ ಹಾಕಿ, ಅದು ಬಿಡಿ ಸಂಕೇತಗಳನ್ನ ಒಂದಾಗಿ ಕೂಡಿಸುತ್ತೆ, ಎರಡೂ 6ಕ್ಕೆ ಬರುತ್ತೆ. ಆದ್ರೂ ಹೊಂದದೆ ಉಳಿದ್ರೆ ಕಣ್ಣಿಗೆ ಕಾಣದ ಜೋಡಕ ಅಕ್ಷರ ಇರ್ಬೇಕು, ಒತ್ತಕ್ಷರ ಬಿಡಿಸಿ ತೋರಿಸೋಕೆ ಅರ್ಕಾವೊತ್ತಿನ ಹತ್ರ ಎಲ್ಲ ಹಾಕ್ತಾರಲ್ಲ ಅದು. ಅದು ನಾರ್ಮಲೈಜ್‌ಗೆ ಹೋಗಲ್ಲ, ನೀವೇ ಹುಡುಕಿ ತೆಗೀಬೇಕು.

ಕೋಟೆಬೆಟ್ಟ:
ಇಷ್ಟು ವರ್ಷ ಕೋಡ್ ಬರೆದ್ರೂ ಇದು ನನಗೆ ಗೊತ್ತಿರ್ಲಿಲ್ಲ. ಕನ್ನಡದಲ್ಲಿ ಹೆಸರಿಡೋರು ಎಲ್ಲರೂ ಓದ್ಬೇಕಾದ ಉತ್ತರ ಸರ್.

ಕಾಪಿ ಹೂ:
ಆಯ್ತು ಆಯ್ತು ಆಯ್ತು!! ನಾರ್ಮಲೈಜ್ ಮಾಡಿದ್ಮೇಲೆ ಕೊಯ್ಲು ಸಾಲು ಅಷ್ಟೂ ಬಂತು, ನಾಲ್ಕು ಸಾಲಲ್ಲಿ ಮಾತ್ರ ಆ ಕಾಣದ ಅಕ್ಷರ ಇತ್ತು, ತೆಗೆದೆ. ಮುಂದೆ ಓದೋರಿಗೆ ಬೇಕಾಗ್ಬಹುದು ಅಂತ ನಾನು ಏನೇನು ಬಳಸ್ದೆ ಅಂತ ಹೇಳ್ತೀನಿ. ಸಾಲುಗಳನ್ನ ಹಿಡಿದು ಏನಾದ್ರೂ ಮಾಡೋ ಕಡೆ ಎಲ್ಲಾ ಕ್ವೆರಿಸೆಲೆಕ್ಟರ್‌ಆಲ್. ಮೇಲ್ಗಡೆ 'ಇನ್ನೂ ನೋಡಬೇಕಾದ್ದು' ಸಂಖ್ಯೆಗೆ ಬೈಕ್ಲಾಸ್‌ನೇಮ್‌ನ ಲೈವ್ ಪಟ್ಟಿ, ಹಾರಂಗಿ ದಡ ಅಣ್ಣ ಹೇಳಿದ ಹಾಗೆ. ತಿದ್ದು ಬಟನ್‌ಗೆ ಕೋಷ್ಟಕದ ಮೇಲೆ ಒಂದೇ ಕ್ಲಿಕ್.

ಇವತ್ತು ಬೆಳಿಗ್ಗೆ ಮಾಪಕ ನೋಡಿ ಬಂದು ಅಪ್ಪನೇ ಫೋನಲ್ಲಿ 2 ಇಂಚು 35 ಸೆಂಟು ಅಂತ ಹಾಕಿದ್ರು, ಸಾಲು ಹಳದಿಯಾಗಿ ಬಂತು. ಡೈರೀಲೂ ಬರೆದ್ರು, ಅದನ್ನ ನಿಲ್ಸಲ್ಲ ಅಂದಿದಾರೆ.

ಗಡಿಯಾರ ಕಂಬ:
ತಂಗಿ, ಒಂದು ಕೇಳ್ಬೇಕು. ನಾನು ಕಾಪಿ ರೇಟಿನ ಪೇಜ್ ಒಂದು ಮಾಡ್ತಿದೀನಿ, ಅರೇಬಿಕಾ ಪಾರ್ಚ್‌ಮೆಂಟ್, ಅರೇಬಿಕಾ ಚೆರ್ರಿ, ರೋಬಸ್ಟಾ ಪಾರ್ಚ್‌ಮೆಂಟ್, ರೋಬಸ್ಟಾ ಚೆರ್ರಿ ನಾಲ್ಕಕ್ಕೂ ಚೆಕ್‌ಬಾಕ್ಸ್, ಎಲ್ಲದರ ನೇಮ್ 'ಬಗೆ'. ಟಿಕ್ ಮಾಡಿದ್ದು ಮಾತ್ರ ಬೇಕು. ಬೈನೇಮ್ ತಗೊಂಡು ಲೂಪ್ ಹಾಕ್ಲಾ?

ಕಾಪಿ ಹೂ:
ಲೂಪ್ ಬೇಡ ಸರ್, ಕ್ವೆರಿಸೆಲೆಕ್ಟರ್‌ಆಲ್('ಇನ್‌ಪುಟ್[ನೇಮ್="ಬಗೆ"]:ಚೆಕ್ಡ್'). ಆದ್ರೆ ಬಟನ್ ಒತ್ತಿದಾಗ ಒಳಗೆ ಕರೀರಿ, ಪೇಜ್ ತೆರೆದಾಗ ಕರೆದು ಇಟ್ಕೊಂಡ್ರೆ ಆಗ ಯಾವುದು ಟಿಕ್ ಆಗಿತ್ತೋ ಅದೇ ಇರುತ್ತೆ.